ಹಳೆಯ ಸ್ಪೋರ್ಟ್ಸ್ ಕಾರಿಗೆ ಮನೆಯಲ್ಲೇ ಬಣ್ಣ: ಮೊದಲು ಜೋಡಿಸಿ, ಆಮೇಲೆ ಗನ್ ಹಿಡಿಯಿರಿ

ಹಳೆಯ ಕಾರನ್ನು ಬಿಚ್ಚುವುದು ಕಷ್ಟವಲ್ಲ. ಒಂದು ಸೆಟ್ ಸ್ಪ್ಯಾನರ್, ಎರಡು ಮೂರು ಭಾನುವಾರ, ಅಷ್ಟೇ. ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವುದು ನಿಮಗೆ ಬರದಿದ್ದರೆ ಬರುವವರ ಕೈಯಲ್ಲಿ ಮಾಡಿಸಬಹುದು. ನಿಜವಾದ ತಾಳ್ಮೆ ಬೇಕಾಗುವುದು ಇದಾದ ಮೇಲೆ. ಖಾಲಿ ಬಾಡಿ ಒಂದು ಕಡೆ, ಡಬ್ಬಗಳಲ್ಲಿ ತುಂಬಿಟ್ಟ ನೂರಾರು ಸಾಮಾನು ಇನ್ನೊಂದು ಕಡೆ, ಮಧ್ಯದಲ್ಲಿ ನೀವು.

ನಾನು ಈಚೆಗೆ ಮುಗಿಸಿದ್ದು 1972ರ ಎಂಜಿಬಿ ರೋಡ್‌ಸ್ಟರ್. 1962ರಿಂದ 1980ರವರೆಗೆ ತಯಾರಾದ, ಮಡಚುವ ಬಟ್ಟೆಯ ಟಾಪ್ ಇರುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇದು. ಬೇರೆ ಚಾಸಿ ಇಲ್ಲ, ಬಾಡಿಯೇ ಪೂರ್ತಿ ಭಾರ ಹೊರುತ್ತದೆ. 1798 ಸಿಸಿ ಎಂಜಿನ್ ಸರಳ, ಬಿಡಿಭಾಗಗಳು ಇವತ್ತಿಗೂ ಸಿಗುತ್ತವೆ. ಹಾಗಾಗಿ ಮೊದಲ ಸಲ ಕೈ ಹಾಕುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಿಮ್ಮ ಹತ್ತಿರ ಇರುವುದು ಟ್ರಯಂಫ್ ಆಗಲಿ ಡಟ್ಸನ್ ಆಗಲಿ, ಕೆಲಸದ ಕ್ರಮ ಹೆಚ್ಚು ಕಡಿಮೆ ಇದೇ.

ಬಣ್ಣಕ್ಕೆ ಮುಂಚೆ ಒಂದು ಸಲ ಜೋಡಿಸಿ ನೋಡಿ

ಇದೊಂದನ್ನು ಮಾತ್ರ ದಯವಿಟ್ಟು ಬಿಡಬೇಡಿ. ವೆಲ್ಡಿಂಗ್ ಮುಗಿದ ಮೇಲೆ, ಬಾಡಿಗೆ ಹೊಸ ಬಣ್ಣದ ಕೆಲಸ ಶುರುವಾಗುವ ಮುಂಚೆಯೇ ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ, ಮಡ್‌ಗಾರ್ಡ್, ಬಂಪರ್, ದೀಪಗಳು, ಮುಂದಿನ ಗಾಜಿನ ಫ್ರೇಮ್, ಕೊನೆಗೆ ಚಿಕ್ಕ ಬ್ಯಾಡ್ಜ್ ಕೂಡ, ಎಲ್ಲವನ್ನೂ ಒಮ್ಮೆ ಕೂರಿಸಿ. ಸುಮ್ನೆ ಸಮಯ ಹಾಳು ಅನ್ನಿಸುತ್ತದೆ, ಗೊತ್ತು. ಆದರೆ ಹೊಸದಾಗಿ ಮಾಡಿ ಮಾರುವ ಪ್ಯಾನೆಲ್‌ಗಳ ತೂತು ಎಷ್ಟೋ ಸಲ ಹಳೆಯ ತೂತಿಗೆ ಕೂಡುವುದಿಲ್ಲ. ಆ ತೂತನ್ನು ಈಗ ದೊಡ್ಡದು ಮಾಡಿದರೆ ಐದು ನಿಮಿಷದ ಕೆಲಸ, ಬಣ್ಣ ಹೊಡೆದ ಮೇಲೆ ಮಾಡಿದರೆ ಡ್ರಿಲ್ ಜಾರಿ ಬಿದ್ದ ಗೀರು ಜೀವನಪೂರ್ತಿ ಕಣ್ಣಿಗೆ ಕಾಣುತ್ತದೆ.

ರಬ್ಬರ್ ಬೀಡಿಂಗ್ ಕೂಡ ಈಗಲೇ ಹಾಕಿ ನೋಡಬೇಕು. ಹಿಂದೆ ಒಂದು ಕಾರಿನಲ್ಲಿ ನಾನು ಬೀಡಿಂಗ್ ಇಲ್ಲದೆ ಡಿಕ್ಕಿ ಮುಚ್ಚಳ ಸರಿಮಾಡಿ, ಸಾಲು ಚೆನ್ನಾಗಿದೆ ಎಂದುಕೊಂಡು ಬಣ್ಣ ಹೊಡೆದುಬಿಟ್ಟೆ. ಆಮೇಲೆ ಹೊಸ ಬೀಡಿಂಗ್ ಹಾಕಿದರೆ ಮುಚ್ಚಳ ಮೂರು ಮಿಲಿಮೀಟರ್ ಮೇಲೆ ನಿಂತಿತು. ಹೊಸ ರಬ್ಬರ್ ಹಳೆಯದಕ್ಕಿಂತ ದಪ್ಪ ಇತ್ತು. ಹೊಸ ಬಣ್ಣದ ಮೇಲೆ ಕೀಲು ಬಗ್ಗಿಸಲು ಹೋಗಿ ಎರಡು ಕಡೆ ಬಣ್ಣ ಸಿಡಿಯಿತು, ಆ ಭಾಗವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಬಾಗಿಲಿನ ಸಂದು ಸುತ್ತಲೂ ನಾಲ್ಕೈದು ಮಿಲಿಮೀಟರ್ ಒಂದೇ ಸಮ ಇದ್ದರೆ ಸಾಕು. ಬಣ್ಣದ ಪದರಗಳು ಸೇರಿದಾಗ ಅದು ಇನ್ನೂ ಸ್ವಲ್ಪ ಕಿರಿದಾಗುತ್ತದೆ ಎನ್ನುವುದು ನೆನಪಿರಲಿ. ಈ ಅಳತೆ ನೋಡುವಾಗ ಕಾರು ತನ್ನ ಚಕ್ರದ ಮೇಲೆ ನಿಂತಿರಬೇಕು, ಇಲ್ಲವೇ ಸಸ್ಪೆನ್ಷನ್ ಇರುವ ಜಾಗಕ್ಕೇ ಸ್ಟ್ಯಾಂಡ್ ಕೊಟ್ಟಿರಬೇಕು. ಮೇಲ್ಛಾವಣಿ ಇಲ್ಲದ ಕಾರಿನ ಬಾಡಿ ತಪ್ಪು ಜಾಗದಲ್ಲಿ ಎತ್ತಿ ನಿಲ್ಲಿಸಿದರೆ ಬಾಗುತ್ತದೆ, ಆಗ ಬಾಗಿಲಿನ ಸಂದು ಸುಳ್ಳು ಹೇಳುತ್ತದೆ. ಎಲ್ಲ ಸರಿಯಾಗಿ ಕೂತ ಮೇಲೆ ಬಾಗಿಲಿನ ಕೀಲಿನ ಮೂಲಕ, ಅದು ಕೂರುವ ಬಾಡಿಯ ಕಂಬದ ತಗಡಿಗೂ ಸೇರಿ 3 ಮಿಲಿಮೀಟರಿನ ಒಂದು ತೂತು ಕೊರೆದಿಡಿ. ಬಣ್ಣ ಆದ ಮೇಲೆ ಆ ತೂತಿಗೆ ಡ್ರಿಲ್ ಬಿಟ್‌ನ ಹಿಂಭಾಗ ತೂರಿಸಿದರೆ ಬಾಗಿಲು ಅದೇ ಜಾಗಕ್ಕೆ ಬಂದು ಕೂರುತ್ತದೆ.

ಇಷ್ಟಾದ ಮೇಲೆ ಎಲ್ಲ ಮತ್ತೆ ಬಿಚ್ಚಿ. ಬೋಲ್ಟು, ವಾಷರ್, ಶಿಮ್ (ಸಂದು ಸರಿಮಾಡಲು ಇಡುವ ತೆಳು ತಗಡು) ಎಲ್ಲ ಸಣ್ಣ ಕವರಿಗೆ, ಕವರ್ ಮೇಲೆ ಹೆಸರು, ಫೋನಿನಲ್ಲಿ ಫೋಟೋ. ಫೋಟೋ ಜಾಸ್ತಿ ಆಯಿತು ಅಂತ ಯಾರೂ ಬೇಜಾರು ಮಾಡಿಕೊಂಡಿದ್ದಿಲ್ಲ.

ಉಜ್ಜುವ ಕೆಲಸ

ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣ ಧೂಳು ಎಬ್ಬಿಸಬೇಡಿ, ಮಾಸ್ಕ್ ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮರಳು ಊದಿ ಬಣ್ಣ ತೆಗೆಸುವವರು ಬಾನೆಟ್, ಬಾಗಿಲಿನಂಥ ಅಗಲ ತಗಡಿಗೆ ಮಾತ್ರ ಅದನ್ನು ಮಾಡಿಸಬೇಡಿ. ಮರಳಿನ ಹೊಡೆತಕ್ಕೆ ತಗಡು ಅಲೆಯಲೆಯಾಗುತ್ತದೆ, ಅದನ್ನು ಮತ್ತೆ ಸಪಾಟು ಮಾಡುವುದು ದೊಡ್ಡ ತಲೆನೋವು. ಅಗಲ ತಗಡಿಗೆ ಪೇಂಟ್ ರಿಮೂವರ್ ಹಚ್ಚಿ ಕೆರೆಯುವುದೇ ಒಳ್ಳೆಯದು.

ಬರಿ ತಗಡು ಗಾಳಿಗೆ ತೆರೆದ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಒಂದು ರಾತ್ರಿ ಬಿಟ್ಟರೂ ತೆಳು ತುಕ್ಕು ಶುರುವಾಗಬಹುದು. ಮೊದಮೊದಲ ಎಂಜಿಬಿಗಳ ಬಾನೆಟ್ ಅಲ್ಯೂಮಿನಿಯಂನದು, ಅಲ್ಯೂಮಿನಿಯಂ ಮೇಲೆ ಸಾಮಾನ್ಯ ಪ್ರೈಮರ್ ಕಚ್ಚಿಕೊಳ್ಳುವುದಿಲ್ಲ, ಅದಕ್ಕೂ ಎಪಾಕ್ಸಿಯೇ ಸರಿ. ತಗಡುಗಳು ಕೂಡುವ ಸಂದಿಗೆ ಸೀಲೆಂಟ್ ಹಚ್ಚುವುದು ಈ ಪ್ರೈಮರಿನ ಮೇಲೆ.

ಪುಟ್ಟಿ ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಬೇಕಾದರೆ ಅಲ್ಲಿ ಇನ್ನೂ ಡೆಂಟ್ ತೆಗೆಯುವ ಕೆಲಸ ಬಾಕಿ ಇದೆ ಅಂತ ಅರ್ಥ. ಮತ್ತೆ ಸುತ್ತಿಗೆ ಹಿಡಿಯಿರಿ. ಪುಟ್ಟಿಯನ್ನು 80ರ ಉಜ್ಜುವ ಪೇಪರಿನಲ್ಲಿ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ) ಆಕಾರಕ್ಕೆ ತಂದು, 180ರಲ್ಲಿ ನಯ ಮಾಡಿ, ಅದರ ಮೇಲೆ ದಪ್ಪ ಪ್ರೈಮರ್ ಎರಡು ಮೂರು ಕೋಟ್. ಪ್ರೈಮರ್ ಒಣಗಿದ ಮೇಲೆ ಕಪ್ಪು ಬಣ್ಣವನ್ನು ದೂರದಿಂದ ಮಂಜಿನ ಹಾಗೆ ತೆಳ್ಳಗೆ ಚಿಮುಕಿಸಿ. ಈಗ ಉದ್ದನೆಯ ಬ್ಲಾಕಿಗೆ 320ರ ಪೇಪರ್ ಸುತ್ತಿ ಓರೆಯಾಗಿ, ಒಮ್ಮೆ ಈ ಕಡೆಗೆ ಒಮ್ಮೆ ಆ ಕಡೆಗೆ ಉಜ್ಜಿದರೆ, ಕಪ್ಪು ಉಳಿದ ಜಾಗ ತಗ್ಗು, ಬೇಗ ಹೋದ ಜಾಗ ಉಬ್ಬು. ಬೆರಳಲ್ಲಿ ಪೇಪರ್ ಒತ್ತಿ ಉಜ್ಜಿದರೆ ಬೆರಳಿನಗಲದ ಗೆರೆ ಬೀಳುತ್ತದೆ, ಹೊಳಪು ಬಂದ ಮೇಲೆ ಅದು ಕಾಣುತ್ತದೆ. ತಗಡಿನ ಮೇಲೆ ತೆಳು ಬಟ್ಟೆ ಹಾಕಿ ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿ, ಕಣ್ಣಿಗೆ ಸಿಗದ ಏರಿಳಿತ ಕೈಗೆ ಸಿಗುತ್ತದೆ. ಕೊನೆಗೆ 500 ಅಥವಾ 600ರಲ್ಲಿ ನೀರು ಹಾಕಿ ಉಜ್ಜಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ದಿನ ಹೋಗುವುದು ಇಲ್ಲೇ, ಹೋಗಲಿ ಬಿಡಿ, ಬಣ್ಣದ ಅಂದ ಇರುವುದೂ ಇಲ್ಲೇ.

ಬಣ್ಣ

ಮೊದಲು ಉಸಿರಿನ ಮಾತು. ಹಾರ್ಡ್ನರ್ ಬೆರೆಸುವ ಟೂ-ಕೆ ಬಣ್ಣ ಮತ್ತು ಕ್ಲಿಯರ್ ಕೋಟ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಉಸಿರಿನ ಜೊತೆ ಒಳಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ಬಂದರೆ ಹೋಗದೆಯೂ ಇರಬಹುದು. ಇದಕ್ಕೆ ವಾಸನೆಯೂ ಅಷ್ಟಾಗಿ ಗೊತ್ತಾಗುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ತರುವ ಪೈಪಿನ ಮಾಸ್ಕ್ ಇಲ್ಲದಿದ್ದರೆ ಮನೆಯಲ್ಲಿ ಟೂ-ಕೆ ಹೊಡೆಯಬೇಡಿ, ಧೂಳಿನ ಮಾಸ್ಕ್ ಇದಕ್ಕೆ ಏನೂ ಅಲ್ಲ. ಅಂಥವರಿಗೆ ನನ್ನ ಸಲಹೆ ಎರಡು. ಎಲ್ಲ ತಯಾರಿ ನೀವೇ ಮಾಡಿ ಕೊನೆಯ ಬಣ್ಣವನ್ನು ಪೇಂಟ್ ಬೂತ್ (ಬಣ್ಣ ಹೊಡೆಯಲೆಂದೇ ಇರುವ ಮುಚ್ಚಿದ ಕೋಣೆ) ಇರುವ ಕಡೆ ಹೊಡೆಸಿ. ಇಲ್ಲವೇ ಹಳೆಯ ಕಾಲದ ಸೆಲ್ಯುಲೋಸ್ ಬಣ್ಣ ಬಳಸಿ. ಆ ಕಾಲದ ಎಷ್ಟೋ ಕಾರಿಗೆ ಇದೇ ಬಣ್ಣ ಇತ್ತು, ಕೋಟ್ ಜಾಸ್ತಿ ಬೇಕು, ಆದರೆ ತಪ್ಪಾದರೆ ಉಜ್ಜಿ ಸರಿಮಾಡುವುದು ಸುಲಭ. ಅದರ ಥಿನ್ನರ್ ಆವಿಗೂ ಸರಿಯಾದ ಕಾರ್ಟ್ರಿಡ್ಜ್ ಮಾಸ್ಕ್ ಬೇಕು, ಹತ್ತಿರ ಹೀಟರ್, ಬೆಂಕಿ, ಕಿಡಿ ಹಾರುವ ಸ್ವಿಚ್ ಯಾವುದೂ ಇರಬಾರದು. ಎರಡಕ್ಕೂ ನಿಮ್ಮ ಕಡೆಯ ನಿಯಮ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸಿ, ಧೂಳು ಏಳುವುದಿಲ್ಲ. ಕಂಪ್ರೆಸರಿಗೆ ನೀರು ತಡೆಯುವ ಫಿಲ್ಟರ್ ಇರಲಿ, ಒಂದು ಹನಿ ನೀರು ಗನ್ನಿನಿಂದ ಹಾರಿದರೂ ಬಣ್ಣದಲ್ಲಿ ಗುಳ್ಳೆ. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ದಿನ ಆರಿಸಿಕೊಳ್ಳಿ, ಅದಕ್ಕಿಂತ ಬಿಸಿ ಇದ್ದರೆ ನಿಧಾನ ಒಣಗುವ ಥಿನ್ನರ್ ತೆಗೆದುಕೊಳ್ಳಿ. ಗ್ರೀಸ್ ತೆಗೆಯುವ ದ್ರಾವಣದಲ್ಲಿ ಒರೆಸಿ, ಆಮೇಲೆ ಧೂಳು ಹಿಡಿಯುವ ಅಂಟುಬಟ್ಟೆಯಲ್ಲಿ ಒರೆಸಿ. ಅದಾದ ಮೇಲೆ ಬರಿಗೈ ತಗಡಿಗೆ ತಾಗಲೇಬಾರದು.

ಒಳಗಿನ ಜಾಗ ಮೊದಲು. ಎಂಜಿನ್ ಇಡುವ ಜಾಗ, ಡಿಕ್ಕಿಯ ಒಳಗೆ, ಬಾಗಿಲಿನ ಅಂಚು, ಬಾನೆಟ್ಟಿನ ಕೆಳಗೆ. ಅದು ಒಣಗಿದ ಮೇಲೆ ಮಾಸ್ಕಿಂಗ್ ಮಾಡಿ ಹೊರಮೈ. ಬಣ್ಣಕ್ಕೆ 1.3 ಅಥವಾ 1.4 ಮಿಲಿಮೀಟರ್ ತುದಿಯ ಗನ್, ದಪ್ಪ ಪ್ರೈಮರಿಗೆ 1.7ಕ್ಕಿಂತ ದೊಡ್ಡದು. ಗನ್ ತಗಡಿನಿಂದ 15–20 ಸೆಂಟಿಮೀಟರ್ ದೂರ ಇರಲಿ. ಮಣಿಕಟ್ಟು ತಿರುಗಿಸದೆ ಇಡೀ ತೋಳನ್ನೇ ನೇರವಾಗಿ ಸಾಗಿಸಬೇಕು, ಒಂದೊಂದು ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚಬೇಕು, ತಗಡು ಶುರುವಾಗುವ ಮುಂಚೆ ಟ್ರಿಗರ್ ಒತ್ತಿ ತಗಡು ಮುಗಿದ ಮೇಲೆ ಬಿಡಬೇಕು. ಓದಿದರೆ ಬರುವುದಿಲ್ಲ ಇದು. ಹಳೆಯ ಒಂದು ಬಾನೆಟ್ಟನ್ನು ನೇರ ನಿಲ್ಲಿಸಿ ನಾಲ್ಕು ಸಲ ಹೊಡೆದು ನೋಡಿ, ಬಣ್ಣ ಎಷ್ಟು ಜಾಸ್ತಿಯಾದರೆ ಕೆಳಗೆ ಇಳಿಯುತ್ತದೆ ಎನ್ನುವುದು ಕೈಗೆ ಗೊತ್ತಾಗುತ್ತದೆ.

ಕೋಟ್ ಮಧ್ಯೆ ಡಬ್ಬದ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಮೆಟಾಲಿಕ್ ಬಣ್ಣವಾದರೆ ಬಿಡಿ ಪ್ಯಾನೆಲ್‌ಗಳನ್ನೂ ಕಾರಿನ ಮೇಲೆ ಹೇಗಿರುತ್ತವೋ ಹಾಗೇ ನಿಲ್ಲಿಸಿ ಒಂದೇ ದಿನ ಹೊಡೆಯಿರಿ. ಮಲಗಿಸಿ ಹೊಡೆದ ಬಾಗಿಲು ನಿಲ್ಲಿಸಿ ಹೊಡೆದ ಮಡ್‌ಗಾರ್ಡಿನ ಪಕ್ಕ ಬೇರೆ ಛಾಯೆ ಕಾಣಬಹುದು. ಎಲ್ಲಾದರೂ ಬಣ್ಣ ಇಳಿದರೆ ಮುಟ್ಟಬೇಡಿ. ಪೂರ್ತಿ ಒಣಗಲಿ, ಆಮೇಲೆ ಉಜ್ಜಿ ತೆಗೆಯಬಹುದು. ಕೊನೆಗೆ 1500, 2000, 3000ರ ಪೇಪರಿನಲ್ಲಿ ನೀರು ಹಾಕಿ ಉಜ್ಜಿ ಕಾಂಪೌಂಡ್ ಪಾಲಿಶ್. ಅಂಚುಗಳಿಗೆ ಮೊದಲೇ ಟೇಪ್ ಅಂಟಿಸಿ, ಅಲ್ಲಿ ಬಣ್ಣ ತೆಳ್ಳಗಿರುತ್ತದೆ, ಬೇಗ ಹರಿದುಹೋಗುತ್ತದೆ. ಒಂದು ತಿಂಗಳು ವ್ಯಾಕ್ಸ್ ಬೇಡ.

ಮತ್ತೆ ಜೋಡಣೆ

ಆತುರ ಬರುವುದೇ ಈಗ. ಕಾರು ಹೊಳೆಯುತ್ತಿದೆ, ಓಡಿಸಬೇಕು ಅನ್ನಿಸುತ್ತದೆ ಅಲ್ವಾ? ಮೊದಲು ಮಡ್‌ಗಾರ್ಡ್ ಮೇಲೆ ಮೆತ್ತನೆ ಕಂಬಳಿ ಹಾಸಿ, ಬಾಗಿಲಿನ ಅಂಚಿಗೆ ಟೇಪ್ ಹಚ್ಚಿ, ನಿಮ್ಮ ಬೆಲ್ಟ್, ವಾಚು, ಉಂಗುರ ತೆಗೆದಿಡಿ.

ಬಣ್ಣ ತುಂಬಿದ ಬೋಲ್ಟ್ ತೂತುಗಳಿಗೆ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಓಡಿಸಿ ಥ್ರೆಡ್ ಚೊಕ್ಕ ಮಾಡಿ. ಬಾಗಿಲ ಕೆಳಗಿನ ಸಿಲ್ಲಿನ ಒಳಗೆ, ಬಾಗಿಲಿನ ತಳದಲ್ಲಿ ತುಕ್ಕು ತಡೆಯುವ ಮೇಣ ಸ್ಪ್ರೇ ಮಾಡಿ. ಇದನ್ನು ಬಣ್ಣಕ್ಕೆ ಮುಂಚೆ ಮಾಡಿದರೆ ಮೇಣ ಒಸರಿ ಬಣ್ಣ ಕೆಡುತ್ತದೆ. ನೀರು ಇಳಿಯುವ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಆಮೇಲೆ ವೈರಿಂಗ್. ಖಾಲಿ ಬಾಡಿಯಲ್ಲಿ ಹಾರ್ನೆಸ್ (ವೈರುಗಳ ಕಟ್ಟು) ಎಳೆಯುವುದು ಎಷ್ಟು ಸಲೀಸೋ, ಎಲ್ಲ ಕೂತ ಮೇಲೆ ಅಷ್ಟೇ ಕಷ್ಟ. ಆ ಕಾಲದ ಬ್ರಿಟಿಷ್ ಕಾರುಗಳ ಲೂಕಾಸ್ ಕಂಪನಿಯ ವೈರಿಂಗಿಗೆ ಒಂದು ಭಾಷೆ ಇದೆ. ಕಂದು ವೈರಿನಲ್ಲಿ ಯಾವಾಗಲೂ ಕರೆಂಟ್, ಫ್ಯೂಸ್ ಇಲ್ಲ. ನೇರಳೆಯಲ್ಲೂ ಯಾವಾಗಲೂ ಕರೆಂಟ್, ಆದರೆ ಫ್ಯೂಸ್ ದಾಟಿ ಬರುತ್ತದೆ. ಬಿಳಿ ವೈರಿನಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್, ಹಸಿರಿನಲ್ಲೂ ಅದೇ, ಆದರೆ ಫ್ಯೂಸ್ ಮೂಲಕ. ನೀಲಿ ಹೆಡ್‌ಲೈಟು, ಕೆಂಪು ಪಾರ್ಕಿಂಗ್ ದೀಪ, ಕಪ್ಪು ಅರ್ತ್. ಹೊಸ ಬಣ್ಣ ಹೊಡೆದ ಕಾರಿನಲ್ಲಿ ದೀಪ ಉರಿಯದಿದ್ದರೆ ಮೊದಲು ಅರ್ತ್ ನೋಡಿ. ಬಣ್ಣ ಕರೆಂಟ್ ಬಿಡುವುದಿಲ್ಲ, ಆ ಬೋಲ್ಟಿನ ಕೆಳಗೆ ಮಾತ್ರ ತಗಡು ಕಾಣುವಷ್ಟು ಕೆರೆದು, ಕೂರಿಸಿದ ಮೇಲೆ ಸುತ್ತ ಗ್ರೀಸ್ ಹಚ್ಚಿ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಸೇರಿರುತ್ತದೆ, ನಿಮ್ಮದು ಯಾವುದು ಎಂದು ನೋಡದೆ ಬ್ಯಾಟರಿ ಕೊಡಬೇಡಿ.

ಬ್ರೇಕ್ ಪೈಪ್ ಎಲ್ಲ ಹೊಸದು ಹಾಕಿ. ಡಾಟ್ 4 ಬ್ರೇಕ್ ಆಯಿಲ್ ಬಣ್ಣವನ್ನು ಕರಗಿಸುತ್ತದೆ, ಬಿದ್ದ ಕೂಡಲೇ ಒರೆಸಿದರೆ ಸಾಲದು, ತುಂಬಾ ನೀರು ಸುರಿಯಬೇಕು. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡೇ ಈ ಕೆಲಸ ಮಾಡಿ.

ಸಸ್ಪೆನ್ಷನ್ನಿನ ರಬ್ಬರ್ ಬುಷ್ ಬೋಲ್ಟುಗಳನ್ನು ಕಾರು ಗಾಳಿಯಲ್ಲಿರುವಾಗ ಸುಮ್ನೆ ಸೇರಿಸಿಡಿ, ಬಿಗಿ ಮಾಡುವುದು ಕಾರು ಚಕ್ರದ ಮೇಲೆ ಇಳಿದ ಮೇಲೆ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಂಜಿಬಿಯಲ್ಲಿ ಹೀಟರ್ ಪೆಟ್ಟಿಗೆ ಎಂಜಿನ್‌ಗಿಂತ ಮೊದಲು, ಗಾಜಿನ ಫ್ರೇಮ್ ಡ್ಯಾಶ್‌ಬೋರ್ಡ್‌ಗಿಂತ ಮೊದಲು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿಸಿ ಒಟ್ಟಿಗೇ ಮೇಲಿಂದ ಓರೆಯಾಗಿ ಇಳಿಸಿ, ಒಬ್ಬರು ಹಾಯಿಸ್ಟ್ (ಎಂಜಿನ್ ಎತ್ತಿಳಿಸುವ ಸಾಧನ) ನಡೆಸಲು, ಒಬ್ಬರು ಎಂಜಿನ್ ಹಿಡಿದು ದಾರಿ ತೋರಿಸಲು. ಬಾಗಿಲು, ಬಾನೆಟ್ ಕೊನೆಗೆ, ಅದಕ್ಕೂ ಎರಡು ಜನ ಬೇಕು. ಬಾನೆಟ್ ಮೊದಲ ಸಲ ಇಳಿಸುವಾಗ ಲಾಕ್ ಹಾಕದೆ ನಿಧಾನ ಇಳಿಸಿ ನಾಲ್ಕೂ ಕಡೆ ಸಂದು ನೋಡಿ.

ಮೊದಲ ಸ್ಟಾರ್ಟ್

ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು ಆಯಿಲ್ ಪ್ರೆಷರ್ ಗೇಜಿನ ಮುಳ್ಳು ಏಳುವವರೆಗೆ ಸ್ಟಾರ್ಟರ್ ತಿರುಗಿಸಿ. ಆಮೇಲೆ ಪ್ಲಗ್ ಹಾಕಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ, ಪೆಟ್ರೋಲ್ ಪೈಪಿನ ಪ್ರತಿ ಜಾಯಿಂಟನ್ನೂ ಬೆರಳಿಂದ ಮುಟ್ಟಿ ನೋಡಿ. ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರೆ ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂ ಆಸುಪಾಸಿನಲ್ಲಿ ಸುಮಾರು 20 ನಿಮಿಷ ಓಡಿಸಬೇಕು, ಐಡಲಿಂಗ್‌ನಲ್ಲಿ ಬಿಡಬಾರದು.

ಬ್ರೇಕ್ ಪೆಡಲ್ ಗಟ್ಟಿ ಇದೆಯೇ ಎಂದು ನಿಂತಲ್ಲೇ ನೋಡಿ, ನಂತರ ನಡಿಗೆಯ ವೇಗದಲ್ಲಿ ನೋಡಿ. ಮೊದಲ ಸುತ್ತು ಹೋಗಿ ಬಂದ ಮೇಲೆ ಚಕ್ರ, ಸ್ಟೀರಿಂಗ್, ಸಸ್ಪೆನ್ಷನ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿ ಮಾಡಿ.

ಸೀಟು, ಕಾರ್ಪೆಟ್ ಹಾಕಲು ಇನ್ನೂ ಹೊತ್ತಿದೆ. ಟಾಪ್ ಮುಚ್ಚಿ, ಒಬ್ಬರು ಹೊರಗಿನಿಂದ ಗಾಜಿನ ಬೀಡಿಂಗ್, ಬಾಗಿಲು, ಡಿಕ್ಕಿ ಮೇಲೆ ಪೈಪಿನಿಂದ ನೀರು ಬಿಡಲಿ, ನೀವು ಟಾರ್ಚ್ ಹಿಡಿದು ಒಳಗೆ ಕೂತು ನೀರು ಎಲ್ಲಿಂದ ಬರುತ್ತದೆ ನೋಡಿ. ಬಂದ ಜಾಗ ಸರಿಮಾಡಿ, ಒಂದು ದಿನ ಒಣಗಲು ಬಿಟ್ಟು, ಮತ್ತೊಮ್ಮೆ ನೀರು ಬಿಟ್ಟು ನೋಡಿ. ಕಾರ್ಪೆಟ್ ಹಾಸುವುದು ಅದಾದ ಮೇಲೆ.