ನಾನು ಕೂಗದ ಹರಾಜಿನ ಬಿಲ್ಲು

ಬೆಳಿಗ್ಗೆ ನೋಡಿದರೆ ನನ್ನ ಆನ್‌ಲೈನ್ ಹರಾಜು ಖಾತೆಯಲ್ಲಿ 3 ಕ್ಯಾಮೆರಾ ಲೆನ್ಸ್ ಖರೀದಿಯಾಗಿದ್ದವು, ಡೆಲಿವರಿ ವಿಳಾಸ ಇನ್ಯಾರದ್ದೋ. ಗಾಬರಿಯಲ್ಲಿ ಆ ಖಾತೆಯ ಪಾಸ್‌ವರ್ಡ್ ಬದಲಿಸಿದೆ. ಹತ್ತೇ ನಿಮಿಷದಲ್ಲಿ ಹೊಸ ಪಾಸ್‌ವರ್ಡ್ ಕೂಡ ಕೈತಪ್ಪಿತು. ಕಳ್ಳ ಕೂತಿದ್ದದ್ದು ನನ್ನ ಇಮೇಲ್‌ನಲ್ಲಿ! ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ ತಾನೆ. ಖರೀದಿಯ ಮೇಲ್‌ಗಳೆಲ್ಲ ಬಂದ ಕೂಡಲೇ ಕಸದಬುಟ್ಟಿಗೆ ಹೋಗುವಂತೆ ಫಿಲ್ಟರ್ ಬೇರೆ ಹಾಕಿಟ್ಟಿದ್ದ (ಜಾಣ ಬಿಡಿ). ಅದನ್ನು ಅಳಿಸಿ, ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆ ಇನ್ನೊಂದು ಪುರಾವೆಯನ್ನೂ ಕೇಳುವ ವ್ಯವಸ್ಥೆ) ಹಾಕಿದ ಮೇಲೆಯೇ ಹರಾಜು ಖಾತೆ ಮತ್ತೆ ನನ್ನ ಕೈಗೆ ಬಂತು.

ಮಾರಾಟಗಾರರಿಗೆ ‘ಖಾತೆ ಹ್ಯಾಕ್ ಆಗಿದೆ, ಕಳಿಸಬೇಡಿ’ ಎಂದು ಬರೆದೆ. ಇಬ್ಬರು ರದ್ದು ಮಾಡಿದರು. ಮೂರನೆಯದು ಆಗಲೇ ಹೊರಟಿತ್ತು. ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ, ಸ್ಕ್ರೀನ್‌ಶಾಟ್‌ಗಳ ಸಮೇತ ಲಿಖಿತ ದೂರು ಕೊಟ್ಟೆ. ಮೂರು ವಾರಕ್ಕೆ ಆ ಹಣವೂ ವಾಪಸ್ ಬಂತು.