ಕೈಯಲ್ಲೊಂದು ಅರ್ಜಿ ಹಿಡಿದು ಬೆಳಗಾವಿಗೆ

ಬಾಗಲಕೋಟೆಯ ಕಾಲೇಜಿನಲ್ಲಿ ವಿದ್ಯಾರ್ಥಿ ಒಕ್ಕೂಟದ ಕೆಲಸ ನೋಡಿಕೊಳ್ಳುತ್ತಿದ್ದಾಗ ಎರಡು ಸಲ ಹುಡುಗರನ್ನು ಅಧಿವೇಶನ ತೋರಿಸಲು ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಕರೆದುಕೊಂಡು ಹೋದೆ. ಮೊದಲನೆಯದು ಪೂರ್ತಿ ದಂಡ. ಎರಡನೆಯದಕ್ಕೆ ಹೊರಟಾಗ ನಮ್ಮ ಸರ್ "ಮತ್ತ ಕುಂದಾ ತಿನ್ನಾಕ ಹೊಂಟೀರೇನ?" ಅಂತ ನಕ್ಕಿದ್ದರು. ಈಗ ಅವರೇ ಜೂನಿಯರ್‌ಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲ ಸಲ ಐವತ್ತು ಜನ, ಖಾಸಗಿ ಬಸ್ಸು. ಬಾಡಿಗೆ, ಊಟ ಎಲ್ಲ ಸೇರಿ ಇಪ್ಪತ್ತೆಂಟು ಸಾವಿರದ ಹತ್ತಿರ ಹೋಯಿತು. ಪಾಸ್ ಪಟ್ಟಿಯಲ್ಲಿ ನಾನು ಬರೆದ ಹೆಸರುಗಳೇ ಬೇರೆ, ಆಧಾರ್‌ನಲ್ಲಿದ್ದವೇ ಬೇರೆ. ಅದನ್ನು ಸರಿಮಾಡಿ ಒಳಗೆ ಹೋಗುವಷ್ಟರಲ್ಲಿ ಊಟದ ಬಿಡುವು! ಖಾಲಿ ಕುರ್ಚಿ ನೋಡಿ ಬಂದೆವು. ವರದಿ ಬರೆಯಿರಿ ಅಂದರೆ ಮುಕ್ಕಾಲು ಪಾಲು ಜನ "ಕಟ್ಟಡ ಬಹಳ ದೊಡ್ಡದಿದೆ" ಅಂತ ಬರೆದಿದ್ದರು.

ಮುಂದಿನ ಸಲ ಒಂದೇ ಷರತ್ತು ಹಾಕಿದೆ. ಮನೆಯದೋ ಓಣಿಯದೋ ಒಂದು ನಿಜವಾದ ಅರ್ಜಿ ಹಿಡಿದು ಸರ್ಕಾರಿ ಕಚೇರಿಗೆ ಓಡಾಡಿದವರಿಗೆ ಮಾತ್ರ ಸೀಟು. ಇಬ್ಬರಿಗೊಂದು ಅರ್ಜಿ. ಹೆಸರು ಕೊಟ್ಟಿದ್ದ ನಲವತ್ತು ಜನ ಹದಿನೆಂಟಕ್ಕೆ ಇಳಿದರು. "ಇದೇನು ಟ್ರಿಪ್ಪೋ ಏಜೆಂಟ್ ಕೆಲಸವೋ" ಅಂತ ಬೈದವರೂ ಇದ್ದರು. ಬೈಯಲಿ ಬಿಡಿ.

ನಮ್ಮ ಒಬ್ಬ ಹುಡುಗಿ ಪಕ್ಕದ ಮನೆಯ ಅಜ್ಜಿಯ ಸಂಧ್ಯಾ ಸುರಕ್ಷಾ, ಅಂದರೆ ವಯಸ್ಸಾದವರ ಮಾಸಾಶನದ ಅರ್ಜಿ ಹಿಡಿದಿದ್ದಳು. ತಿಂಗಳಿಗೆ 1,200 ರೂಪಾಯಿಯ ಮಾತು. ಅಜ್ಜಿ ಯಂತ್ರದ ಮೇಲೆ ಬೆರಳಿಟ್ಟರೆ ಗುರುತೇ ಹತ್ತುತ್ತಿಲ್ಲ. ಜೋಳ ಕಿತ್ತು ಕಿತ್ತು ಬೆರಳ ಗೆರೆಯೇ ಸವೆದಿತ್ತು. ಸೆರಗಿಗೆ ಒರೆಸಿದಳು, ಬಾಯಿಂದ ಊದಿದಳು, ತಲೆಗೆ ಹಚ್ಚಿದ ಎಣ್ಣೆಗೂ ಬೆರಳು ತಾಗಿಸಿದಳು. ಏಳನೇ ಸಲಕ್ಕೆ ಹತ್ತಿತು. "ನನ್ನ ಬೆರಳಿಗೂ ವಯಸ್ಸಾತು ಬಿಡ್ರಿ" ಅಂದಳು. ಸಕಾಲದ ರಸೀದಿ ಕೈಗೆ ಬಂದ ಮೇಲೆ ಹುಡುಗಿ ಆ ಕಾಯ್ದೆ, ಅಂದರೆ ಗೊತ್ತಾದ ದಿನದೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ ಕಾಯ್ದೆ, ಓದತೊಡಗಿದಳು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು ಅಂತ ನನಗೇ ಹೇಳಿಕೊಟ್ಟಳು.

ಡಿಸೆಂಬರ್‌ನಲ್ಲಿ ಅಧಿವೇಶನ. ಈ ಸಲ ಸಾಮಾನ್ಯ ಸಾರಿಗೆ ಬಸ್ಸು, ಲೋಕಾಪುರ, ಯರಗಟ್ಟಿ ಮೇಲೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ವಾ, ಹನ್ನೊಂದು ಹುಡುಗಿಯರಲ್ಲಿ ಹತ್ತು ಜನಕ್ಕೆ ಶೂನ್ಯ ಟಿಕೆಟ್. ಒಬ್ಬಳ ಆಧಾರ್‌ನಲ್ಲಿ ಸೊಲ್ಲಾಪುರದ ವಿಳಾಸ, ಅವಳಿಗೆ ಪೂರ್ತಿ ದುಡ್ಡು. ಊಟ ಮನೆಯದೇ, ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಝೆರಾಕ್ಸ್, ಚಹಾ ಹಿಡಿದು ಒಟ್ಟು ನಾಲ್ಕು ಸಾವಿರ, ಐವತ್ತು ನೂರು ಆಚೀಚೆ.

ಪಾಸು ಒಂದೇ ದಿನದಲ್ಲಿ ಹೇಗೆ ಸಿಕ್ಕಿತು ಅಂತ ಎಲ್ಲರೂ ಕೇಳುತ್ತಾರೆ. ಅದೊಂದನ್ನು ಇಲ್ಲಿ ಬರೆಯಲ್ಲ. ಪಟ್ಟಿಯನ್ನು ಆಧಾರ್ ನೋಡಿಕೊಂಡೇ ಟೈಪ್ ಮಾಡಿ, ಅಷ್ಟು ಸಾಕು.

ಪ್ರಶ್ನೋತ್ತರ ಶುರುವಾಗುವ ಮೊದಲೇ ಗ್ಯಾಲರಿಯಲ್ಲಿ ಕೂತಿದ್ದೆವು. ಮಾಸಾಶನದ ಮಾತು ಬಂದಾಗ ಆ ಹುಡುಗಿ ನನ್ನ ಮೊಣಕೈ ತಿವಿದಳು. ಫೋನು ಗೇಟಿನಲ್ಲೇ ಉಳಿದಿತ್ತು, ಅಂಗೈ ಮೇಲೆ ಪೆನ್ನಿನಿಂದ ಗೀಚಿಕೊಂಡಳು. ಹೊರಗೆ ಧರಣಿಯ ಟೆಂಟುಗಳಲ್ಲೂ ನಮ್ಮವರು ಒಂದು ತಾಸು ಕೂತರು. ಆಲಮಟ್ಟಿ ಹಿನ್ನೀರಿಗೆ ಅಜ್ಜನ ಮನೆ ಮುಳುಗಿ ಹೋದ ನವನಗರದ ಹುಡುಗರಿಗೆ ಅಲ್ಲಿನ ಮುಳುಗಡೆಯ ಮಾತು ಬಿಡಿಸಿ ಹೇಳಬೇಕಾಗಲಿಲ್ಲ.

ವಾಪಸ್ ಬಂದ ಮೇಲೆ ಸುಮ್ನೆ ಇರಲಾಗದೆ ಮಾಹಿತಿ ಹಕ್ಕಿನ ಅರ್ಜಿಗೂ ಕೈ ಹಾಕಿದೆವು. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಒಂದೇ ಹಾಳೆಯಲ್ಲಿ ಐದು ವಿಷಯ ಕೇಳಿದ್ದೆವು, ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಎರಡನೇ ಸಲ ಬರೀ ಚರಂಡಿ ಬಿಲ್ಲು ಕೇಳಿದೆವು. ನಾಲ್ಕು ಪುಟದ ಉತ್ತರ ಬಂದಿದೆ. ಅದರ ಲೆಕ್ಕ ಕೂಡಿಸಲು ಕಾಮರ್ಸ್ ಹುಡುಗರನ್ನು ಕೂರಿಸಿದ್ದೇನೆ. ಮೂರು ದಿನ ಆಯ್ತು, ಇನ್ನೂ ಹೊಂದುತ್ತಿಲ್ಲ.