ಎಪ್ಪತ್ತು ಡಾಲರಿನ ಕೋವಿ ಗಾಡಿ: ನನ್ನ ಅನುಭವ

ನಾಲ್ಕು ಬಂದೂಕು, ಎರಡು ಕೈ. ಕೌಬಾಯ್ ಶೂಟಿಂಗ್ ಅನ್ನೋ ಗುರಿ ಹೊಡೆಯೋ ಪಂದ್ಯಕ್ಕೆ ಹೋದ ಮೊದಲ ದಿನವೇ ಈ ಲೆಕ್ಕ ನನಗೆ ಕೈಕೊಟ್ಟಿತು.

ಇದರ ಪರಿಚಯ ಇಲ್ಲದವರಿಗೆ ಎರಡು ಮಾತು. ಅಮೆರಿಕದಲ್ಲಿ 1987ರಲ್ಲಿ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ ಅಂತ ಒಂದು ಸಂಸ್ಥೆ ಹುಟ್ಟಿತು, ಈ ಆಟದ ನಿಯಮ ಅದರದ್ದು. ಹತ್ತೊಂಬತ್ತನೇ ಶತಮಾನದ ಕೊನೆಯ ಕಾಲದ ಬಂದೂಕುಗಳು, ಅಥವಾ ಅವುಗಳ ಹೊಸ ನಕಲುಗಳು, ಅದೇ ಕಾಲದ ವೇಷ, ಪ್ರತಿಯೊಬ್ಬರಿಗೂ ಒಂದೊಂದು ಅಡ್ಡಹೆಸರು. ಗುರಿಗೆ ಉಕ್ಕಿನ ತಟ್ಟೆಗಳು. ಪಂದ್ಯಕ್ಕೆ ಎರಡು ಸಿಂಗಲ್ ಆಕ್ಷನ್ ರಿವಾಲ್ವರ್ (ಪ್ರತಿ ಗುಂಡಿಗೂ ಕುದುರೆ, ಅಂದರೆ ಹಿಂದಿನ ಪುಟ್ಟ ಸುತ್ತಿಗೆಯನ್ನ, ಹೆಬ್ಬೆರಳಲ್ಲಿ ಎಳೆಯಬೇಕು), ಒಂದು ಲಿವರ್ ರೈಫಲ್ (ಕೆಳಗಿನ ಹಿಡಿ ಎಳೆದು ಮುಂದಿನ ಗುಂಡು ಏರಿಸೋದು), ಒಂದು ಶಾಟ್‌ಗನ್ ಬೇಕು. ಒಂದು ಸುತ್ತಿಗೆ ಸಾಮಾನ್ಯವಾಗಿ ರಿವಾಲ್ವರ್‌ನಿಂದ ಹತ್ತು, ರೈಫಲ್‌ನಿಂದ ಹತ್ತು ಗುಂಡು, ಶಾಟ್‌ಗನ್ನಿನಿಂದ ನಾಲ್ಕೋ ಆರೋ ತೋಟಾ. ಅಂಥ ಐದಾರು ಸುತ್ತು. ಒಂದು ಸುತ್ತು ಮುಗಿದರೆ ಗುಂಪಿನವರೆಲ್ಲ ಗಂಟುಮೂಟೆ ಸಮೇತ ಮುಂದಿನ ಸುತ್ತಿನ ಜಾಗಕ್ಕೆ ನಡೀಬೇಕು.

ತೂಕದ ಲೆಕ್ಕ ಹಾಕಿ ನೋಡಿ. ರಿವಾಲ್ವರ್ ಒಂದೊಂದೂ ಒಂದು ಕಿಲೋ ಮೇಲೆ. ರೈಫಲ್, ಶಾಟ್‌ಗನ್ ತಲಾ ಮೂರು, ಮೂರೂವರೆ ಕಿಲೋ. ಗುಂಡು, ತೋಟಾ, ನೀರು, ಸ್ಕ್ರೂಡ್ರೈವರ್, ಒರೆಸೋ ಬಟ್ಟೆ, ಹಾರಿಸಿದ ಗುಂಡಿನ ಖಾಲಿ ಕೇಸು ತುಂಬೋ ಚೀಲ ಎಲ್ಲ ಸೇರಿ ನನ್ನದು ಹತ್ತಿರ ಹತ್ತಿರ 20 ಕಿಲೋ ಆಯಿತು. ಟೆಕ್ಸಾಸಿನ ಬಿಸಿಲಲ್ಲಿ ಉಣ್ಣೆಯ ವೇಸ್ಟ್‌ಕೋಟು ಹಾಕಿಕೊಂಡು ಅದನ್ನ ಹೊತ್ತು ತಿರುಗಿದ್ದು ಒಂದೇ ತಿಂಗಳು. ಅಲ್ಲಿ ಉಳಿದವರ ಹತ್ತಿರ ಇದ್ದ, ಕೋವಿ ಸಾಮಾನು ಸಾಗಿಸೋ ಕೈಗಾಡಿಗಳನ್ನ ನೋಡಿದೆ. ಮಾಡಿಸಿದ್ದು, ಕೊಂಡದ್ದು, ಮರದ ಕಡ್ಡಿಗಳ ಚಕ್ರ ಇದ್ದದ್ದು. ರೆಡಿ ಗಾಡಿಗೆ ನೂರಾರು ಡಾಲರ್. ಅಷ್ಟು ದುಡ್ಡಿಗೆ ಎಷ್ಟು ಗುಂಡು ಬರುತ್ತೆ ಅಂತ ಲೆಕ್ಕ ಹಾಕಿದ್ದೇ ತಪ್ಪಾಯಿತು. ನಾನೇ ಮಾಡ್ತೀನಿ ಅಂತ ಹೊರಟೆ.

ಮೊದಲ ಗಾಡಿಯನ್ನ ಅರ್ಧ ದಿನದಲ್ಲಿ ಮಾಡಿದೆ. ಗ್ಯಾರೇಜಿನಲ್ಲಿ ಒಂದು ಹಳೇ ಹ್ಯಾಂಡ್‌ ಟ್ರಕ್ ಬಿದ್ದಿತ್ತು, ಮನೆ ಬದಲಿಸುವಾಗ ಪೆಟ್ಟಿಗೆ ಸಾಗಿಸ್ತಾರಲ್ಲ, ಆ ಎರಡು ಚಕ್ರದ್ದು. ಅದಕ್ಕೆ ಒಂದು ಪ್ಲೈವುಡ್ ಪೆಟ್ಟಿಗೆ ಬಿಗಿದೆ. ಮೇಲೆ ಒಂದು ಹಲಗೆ, ಅದರಲ್ಲಿ ಎರಡು ಕಚ್ಚು, ನಳಿಗೆ ಒರಗಿಸೋಕೆ. ಖರ್ಚು ಹೆಚ್ಚುಕಡಿಮೆ ಸೊನ್ನೆ. ನಿಲ್ಲಿಸಿದಾಗ ಚೆನ್ನಾಗಿಯೇ ಕಂಡಿತು. ಪಂದ್ಯದ ದಿನ ಹಿಡಿ ಹಿಡಿದು ನನ್ನ ಕಡೆಗೆ ವಾಲಿಸಿದೆ ನೋಡಿ, ಎರಡು ಕೋವಿಗಳ ಬಾಯಿಯೂ ನನ್ನ ಗಲ್ಲದ ಕಡೆಗೇ ತಿರುಗಿದವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಕ್ಕರು. "ನಿನ್ನ ಕೋವಿಗಳು ನಿನ್ನನ್ನೇ ನೋಡ್ತಾ ಇವೆಯಲ್ಲಪ್ಪ" ಅಂದರು. ಆಮೇಲೆ ನಗು ನಿಲ್ಲಿಸಿ, "ಇದನ್ನ ಹೀಗೆ ಎಳೀಬೇಡ" ಅಂದರು.

ಕೋವಿಗಳು ಖಾಲಿಯೇ ಇದ್ದವು. ಆದರೆ ಈ ಆಟದಲ್ಲಿ ಖಾಲಿ ಅನ್ನೋದು ಉತ್ತರ ಅಲ್ಲ. ಗುಂಡು ತುಂಬೋಕೆ ಒಂದು ಮೇಜು, ಖಾಲಿ ಮಾಡಿ ತೋರಿಸೋಕೆ ಇನ್ನೊಂದು ಮೇಜು, ಆರು ಗುಂಡಿನ ಮನೆ ಇರೋ ರಿವಾಲ್ವರ್‌ಗೂ ಐದೇ ಗುಂಡು, ಕುದುರೆ ಯಾವಾಗಲೂ ಖಾಲಿ ಮನೆಯ ಮೇಲೆ. ಗಾಡಿಯಿಂದ ಮೇಜಿಗೆ ರೈಫಲ್ ಒಯ್ಯುವಾಗಲೂ ಆಕ್ಷನ್, ಅಂದರೆ ಗುಂಡು ಕೂರೋ ಯಂತ್ರಭಾಗ, ತೆರೆದೇ ಇರಬೇಕು, ಬಾಯಿ ಯಾರ ಕಡೆಗೂ ತಿರುಗಬಾರದು. ಇಷ್ಟೆಲ್ಲ ಪಾಲಿಸಿ, ಗಾಡಿ ಎಳೆಯುವಾಗ ಮಾತ್ರ ನನ್ನ ಮುಖಕ್ಕೇ ಹಿಡಿದುಕೊಂಡರೆ ಏನು ಚೆಂದ? ಅವತ್ತು ಕೋವಿಗಳನ್ನ ಕೈಯಲ್ಲೇ ಹೊತ್ತೆ, ಗಾಡಿಯಲ್ಲಿ ನೀರು ಸಾಗಿಸಿದೆ.

ಆ ವಾರ ಪೂರ್ತಿ ಕಾಗದದ ಮೇಲೆ ಗೀಚಿದೆ. ಹ್ಯಾಂಡ್‌ ಟ್ರಕ್‌ ನಮ್ಮ ಕಡೆಗೇ ವಾಲುತ್ತೆ, ಅದರ ಗುಣವೇ ಅದು. ಕಟ್ಟಡದ ಕೆಲಸದಲ್ಲಿ ಮಣ್ಣು ಹೊರುವ ಒಂದು ಚಕ್ರದ ಗಾಡಿ ಹಾಗಲ್ಲ. ಚಕ್ರ ಮುಂದೆ, ಕಾಲು ಹಿಂದೆ, ಹಿಡಿ ಎತ್ತಿದರೆ ಇಡೀ ಗಾಡಿ ಆಚೆ ಕಡೆಗೆ ವಾಲುತ್ತೆ. ನನಗೆ ಬೇಕಾಗಿದ್ದು ಅದೇ, ಚಕ್ರ ಮಾತ್ರ ಎರಡು.

ಸಾಮಾನು ಹೆಚ್ಚೇನಿಲ್ಲ. 24 ಇಂಚು ಉದ್ದ, 16 ಇಂಚು ಅಗಲದ ಅರ್ಧ ಇಂಚಿನ ಪ್ಲೈವುಡ್ ತಳ. ಎರಡು ಹಿಡಿ, ಎರಡು ಕಾಲು, ಅಚ್ಚು ಹಿಡಿಯೋ ಎರಡು ತುಂಡು, ಎಲ್ಲ ಪೈನ್ ಮರ. 5/8 ಇಂಚಿನ ಉಕ್ಕಿನ ಸರಳು ಒಂದು. ಹತ್ತು ಇಂಚಿನ ಚಕ್ರ ಎರಡು. ವಾಷರ್, ಕಡಾಣಿ, ಸ್ಕ್ರೂ, ಮರದ ಅಂಟು. ಮರ ಅಳೆಯೋದರಲ್ಲಿ ಒಂದು ಪೆದ್ದುತನ ಮಾಡಿದೆ, ಹೇಳಿಬಿಡ್ತೀನಿ. ಇಲ್ಲಿ ಟೂ ಬೈ ಫೋರ್ ಅಂತ ಮಾರೋ ಮರ ನಿಜಕ್ಕೂ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. ನಾನು ಹೆಸರನ್ನೇ ನಂಬಿ ಎರಡಿಂಚಿಗೆ ಕಚ್ಚು ಕೊರೆದೆ. ಹಿಡಿಗಳು ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡಿದವು. ಸಂದಿಗೆ ಚೂರು ಪ್ಲೈವುಡ್ ಬಡಿದು ಮಾನ ಉಳಿಸಿಕೊಂಡೆ.

ಈಗ ಮುಖ್ಯ ವಿಷಯ. ಅಚ್ಚು ಎಲ್ಲಿ ಕೂರಬೇಕು? ಮಿಕ್ಕದ್ದೆಲ್ಲ ಯಾವ ಬಡಗಿಯಾದರೂ ಮಾಡುವ ಕೆಲಸ. ಗಾಡಿ ತಳ್ಳೋಕೆ ಸುಖವೋ ಶಿಕ್ಷೆಯೋ ಅನ್ನೋದು ಇದೊಂದರಿಂದಲೇ ಗೊತ್ತಾಗುತ್ತೆ. ಎತ್ತಿನ ಗಾಡಿಗೆ ಮೂಟೆ ಹೇರುವವರು ಮುಂಭಾರ ಹಿಂಭಾರ ನೋಡಿ ನೋಡಿ ಸರಿಸ್ತಾರಲ್ಲ. ಮುಂಭಾರ ಜಾಸ್ತಿ ಆದರೆ ಎತ್ತಿನ ಕುತ್ತಿಗೆಗೆ ಬೀಳುತ್ತೆ, ಹಿಂಭಾರ ಆದರೆ ಮೂಕಿ ಮೇಲೇಳುತ್ತೆ. ಇಲ್ಲಿ ಎತ್ತು ನಾನೇ.

ಅಳತೆಗೆ ಕೋವಿ ಬಳಸೋದು ಬೇಡ ಅಂತ ನೀರಿನ ಕ್ಯಾನ್ ತಂದೆ. ಒಂದು ಗ್ಯಾಲನ್ ನೀರು ಸುಮಾರು 3.8 ಕಿಲೋ. ಐದು ಕ್ಯಾನ್ ಇಟ್ಟರೆ 19, ನನ್ನ ಹೊರೆಯಷ್ಟೇ. ತಳದ ಮೇಲೆ ಸಾಲಾಗಿ ಜೋಡಿಸಿ, ಅಚ್ಚನ್ನ ಮುಂದಿನ ಅಂಚಿನಿಂದ 11 ಇಂಚಿಗೆ ಇಟ್ಟೆ. ಎರಡು ಬೆರಳಲ್ಲಿ ಎತ್ತಿದರೆ ಎದ್ದಿತು. ಖುಷಿಯಿಂದ ರಂಧ್ರ ಕೊರೆದು ಬಿಗಿದುಬಿಟ್ಟೆ.

ಆಮೇಲೆ ಕೋವಿ ಇಟ್ಟು ಮನೆ ಮುಂದಿನ ಇಳಿಜಾರಿನಲ್ಲಿ ತಳ್ಳಿದೆ. ನಾಲ್ಕು ಹೆಜ್ಜೆಗೆ ಗಾಡಿ ಮುಗ್ಗರಿಸಿ ನೆಲಕ್ಕೆ ಬಿತ್ತು. ಶಾಟ್‌ಗನ್ನಿನ ಬುಡಕ್ಕೆ ಉದ್ದಕ್ಕೆ ಒಂದು ಗೀರು. ಅದು ಇವತ್ತಿಗೂ ಹಾಗೇ ಇದೆ.

ಯಾಕೆ ಹೀಗಾಯಿತು ಅಂತ ಹೊಳೆಯೋಕೆ ಸಂಜೆ ಆಯಿತು. ನೀರಿನ ಕ್ಯಾನ್‌ಗಳು ತಳದಲ್ಲೇ ಕೂತಿದ್ದವು. ನಿಂತ ಕೋವಿಯ ಭಾರ ಇರೋದು ಅದರ ಆಕ್ಷನ್ ಹತ್ತಿರ, ಅಂದರೆ ಬುಡದಿಂದ ಒಂದು ಅಡಿಗೂ ಮೇಲೆ. ಹಿಡಿ ಎತ್ತಿದ ಕೂಡಲೇ ಗಾಡಿ ಮುಂದೆ ವಾಲುತ್ತೆ, ಆ ಎತ್ತರದ ಭಾರವೂ ಮುಂದೆ ಸರಿದು ಅಚ್ಚನ್ನ ದಾಟುತ್ತೆ. ಇಳಿಜಾರಾದರೆ ಇನ್ನೂ ಜಾಸ್ತಿ. ನಿಂತಾಗ ಸರಿ ಇದ್ದ ತೂಕ ನಡೆಯುವಾಗ ಸರಿ ಇರೋದಿಲ್ಲ. ಮತ್ತೆ ಪರೀಕ್ಷೆ ಮಾಡುವಾಗ ಎರಡು ಕ್ಯಾನ್‌ಗಳನ್ನ ಕೋವಿ ನಿಲ್ಲುವ ಜಾಗದಲ್ಲೇ, ತಳದಿಂದ ಒಂದೂಕಾಲು ಅಡಿ ಮೇಲೆ ಹಗ್ಗದಲ್ಲಿ ಕಟ್ಟಿದೆ. ಮೂರನ್ನ ಕೆಳಗೆ ಇಟ್ಟೆ. ಅಚ್ಚನ್ನ ಕ್ಲ್ಯಾಂಪಿನಲ್ಲಿ ಸುಮ್ನೆ ಹಿಡಿಸಿ, ಒಂದೊಂದು ಇಂಚು ಮುಂದೆ ತರ್ತಾ, ಪ್ರತಿಸಲವೂ ಇಳಿಜಾರಿನಲ್ಲಿ ತಳ್ಳಿ ನೋಡಿದೆ. 8 ಇಂಚಿಗೆ ಬಂದಾಗ ಗಾಡಿ ಬುದ್ಧಿ ಕಲಿತಿತು. ಕೈ ಮೇಲೆ ಸ್ವಲ್ಪ ಭಾರ ಬೀಳುತ್ತೆ, ಬೀಳಲೇಬೇಕು. ಕೈಗೆ ಭಾರವೇ ತಾಗದ ಗಾಡಿಯನ್ನ ನಂಬಬೇಡಿ. ಹಳೇ ರಂಧ್ರಗಳಿಗೆ ಮರದ ಗೂಟ ಹೊಡೆದು ಮುಚ್ಚಿದೆ. ಬಗ್ಗಿ ನೋಡಿದರೆ ಇನ್ನೂ ಕಾಣುತ್ತೆ.

ಕೋವಿ ನಿಲ್ಲಿಸುವ ಚೌಕಟ್ಟಿನ ಬಗ್ಗೆ. ಮೇಲಿನ ಹಲಗೆ ತಳದಿಂದ 28 ಇಂಚು ಎತ್ತರ. ಕಚ್ಚುಗಳ ಬಾಯಿ ತಳ್ಳುವವನ ಕಡೆಗೆ, ಕೋವಿಗಳು ಸ್ವಲ್ಪವೇ ಮುಂದಕ್ಕೆ ಒರಗುವ ಹಾಗೆ. ಹಿಡಿ ಎತ್ತಿದಷ್ಟೂ ಅವು ಕಚ್ಚಿನೊಳಗೆ ಇನ್ನೂ ಗಟ್ಟಿಯಾಗಿ ಕೂರುತ್ತವೆ, ಬಾಯಿ ಮೇಲಕ್ಕೆ ಮತ್ತು ಆಚೆಗೆ. ರೈಫಲ್‌ಗೆ ಒಂದೂಕಾಲು ಇಂಚಿನ ಕಚ್ಚು ಸಾಕು. ಜೋಡುನಳಿಗೆಯ ನನ್ನ ಶಾಟ್‌ಗನ್ನಿಗೆ ಎರಡೂಕಾಲು. ಎರಡರ ಮಧ್ಯೆ ಆರು ಇಂಚಾದರೂ ಬಿಡಿ. ನಾನು ರೈಫಲ್‌ನ ಲಿವರ್ ತೆರೆದೇ ನಿಲ್ಲಿಸ್ತೀನಿ, ತೆರೆದ ಲಿವರ್ ಪಕ್ಕದ ಕೋವಿಗೆ ಬಡಿಯುತ್ತೆ. ಕಚ್ಚುಗಳಿಗೆ ಹಳೇ ಬೆಲ್ಟಿನ ಚರ್ಮ ಅಂಟಿಸಿದೆ, ಬುಡ ಕೂರುವ ಗೂಡಿಗೆ ಕಾರ್ಪೆಟ್ ತುಂಡು. ಗೂಡಿನ ತಳದಲ್ಲಿ ಒಂದೊಂದು ತೂತು ಮರೀಬೇಡಿ. ನಾನು ಮರೆತಿದ್ದೆ. ಒಂದು ಮಳೆಗೆ ಕಾರ್ಪೆಟ್ಟು ಒದ್ದೆ ಮುದ್ದೆಯಾಗಿ, ರೈಫಲ್ ಬುಡದ ಹಿತ್ತಾಳೆ ಪಟ್ಟಿ ಮಂಕಾಯಿತು.

ಗಾಡಿಯ ಮುಂಭಾಗಕ್ಕೆ ಒಂದು ಪೆಟ್ಟಿಗೆಯೂ ಇದೆ, ಅದು ಸುಲಭ. ಗುಂಡು, ತೋಟಾ, ಕನ್ನಡಕ, ಕಿವಿಯ ರಕ್ಷೆ ಹಿಡಿಸಬೇಕು, ಮುಚ್ಚಳದ ಮೇಲೆ ಕೂತರೆ ಮುರೀಬಾರದು. ಹಿಡಿಗಳನ್ನ ಎರಡೆರಡು ಬೋಲ್ಟಿನಲ್ಲಿ ಬಿಗಿದಿದ್ದೀನಿ. ಕೈಯಲ್ಲೇ ತಿರುಗಿಸುವ ನಟ್ ಬಿಚ್ಚಿದರೆ ಗಾಡಿ ಕಾರಿನ ಡಿಕ್ಕಿಗೆ ಹೋಗುತ್ತೆ. ಡಿಕ್ಕಿ ಅಳೆಯದೆ ಮರ ಕೊಯ್ಯಬೇಡಿ, ಅಷ್ಟೇ.

ಬಣ್ಣಕ್ಕೆ ಕಂದು ಸ್ಟೈನ್, ಮೇಲೆ ಅಗಸೆ ಎಣ್ಣೆ. ಅಂಗಡಿಯಲ್ಲಿ ಕುದಿಸಿದ್ದು ಅಂತ ಮಾರ್ತಾರಲ್ಲ, ಅದು. ಒಂದು ಎಚ್ಚರಿಕೆ: ಆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಎಣ್ಣೆ ಒಣಗುತ್ತಾ ಬಿಸಿಯಾಗುತ್ತೆ, ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ನಾನು ಹೊರಗೆ ಬಯಲಲ್ಲಿ ಹರಡಿ ಒಣಗಿಸಿ ಆಮೇಲೆ ಬಿಸಾಕ್ತೀನಿ.

ಚಕ್ರದಲ್ಲಿ ಜಿಪುಣತನ ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆ. ಮೊದಲು ಅಗ್ಗದ ಗಾಳಿ ತುಂಬುವ ಚಕ್ರ ಹಾಕಿದೆ. ಇಲ್ಲಿನ ಬಯಲಲ್ಲಿ ಮೆಸ್ಕೀಟ್ ಅಂತ ಒಂದು ಮರ, ನಮ್ಮ ಜಾಲಿಯ ದಾಯಾದಿ ಅಂತಲೇ ಅನ್ನಿ. ಅದರ ಮುಳ್ಳು ಟಯರನ್ನ ಬಿಡೋದಿಲ್ಲ. ಎರಡನೇ ಪಂದ್ಯದಲ್ಲೇ ಎಡಚಕ್ರ ಚಪ್ಪಟೆ. ಮೂರು ಸುತ್ತು ಕುಂಟುತ್ತಾ ತಳ್ಳಿದೆ. ಆಮೇಲೆ ಒಳಗೆ ಫೋಮ್ ತುಂಬಿದ, ಪಂಕ್ಚರ್ ಆಗದ ಚಕ್ರ ತಂದೆ. ಆ ಹಳೇ ಚಕ್ರದ ದುಡ್ಡು ಬಿಟ್ಟು ಒಟ್ಟು ಖರ್ಚು ಸುಮಾರು 70 ಡಾಲರ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಚಕ್ರ ಮತ್ತು ಅಚ್ಚಿನದ್ದೇ. ಹಲಗೆ ಬೇಕಾದರೆ ಗುಜರಿಯಿಂದ ತನ್ನಿ, ಚಕ್ರಕ್ಕೆ ಕೊಡಬೇಕಾದ್ದು ಕೊಡಿ. ಸುತ್ತ ಎಲ್ಲರೂ 1880ರ ಟೋಪಿ, ಬೂಟು ಹಾಕಿಕೊಂಡು ನಿಂತಾಗ ನನ್ನ ಕಪ್ಪು ರಬ್ಬರ್ ಚಕ್ರ ಸ್ವಲ್ಪ ಎದ್ದು ಕಾಣುತ್ತೆ, ನಿಜ. ಯಾರೂ ಅದಕ್ಕೆ ಅಂಕ ಕಳೆಯೋದಿಲ್ಲವಲ್ಲ.

ಕೊನೆಯದಾಗಿ ಒಂದು ಕೊಡೆ ಸಿಕ್ಕಿಸೋಕೆ ಪಿವಿಸಿ ಪೈಪು ಬಿಗಿದಿದ್ದೆ. ನೆರಳು ಚೆನ್ನಾಗಿತ್ತು. ಮಧ್ಯಾಹ್ನ ಗಾಳಿ ಎದ್ದಾಗ ಗಾಡಿ ತಾನಾಗೇ ಎರಡು ಅಡಿ ನಡೆಯಿತು, ಕೋವಿಗಳ ಸಮೇತ. ಅಲ್ಲೇ ಕೊಡೆ ಮಡಚಿದೆ. ಪೈಪಿನಲ್ಲಿ ಈಗ ನೊಣ ಓಡಿಸೋ ಬೀಸಣಿಗೆ ಇದೆ.